ಯಂತ್ರ ಮುಟ್ಟದ ಕೆಲಸ, ಹೊಟ್ಟೆ ತುಂಬಿಸುವ ಕೆಲಸ

ಈಚೆಗೆ ನಮ್ಮ ಪೋಷಕರ ಸಭೆಗಳಲ್ಲಿ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. "ಸಾ, ಅದೇನೋ ಎ.ಐ. ಅಂತ ಬಂದದಂತಲ್ಲ, ಇನ್ಮ್ಯಾಲ ಯಾವ ಕೆಲ್ಸ ಉಳ್ಕತದ?" ಪ್ರಶ್ನೆ ಇಷ್ಟಕ್ಕೇ ನಿಂತರೆ ಸಂತೋಷ. ಆದರೆ ಅದರ ಬಾಲ ಹಿಡಿದು ಇನ್ನೊಂದು ಬರುತ್ತದೆ. "ಓದ್ದೋರ ಕೆಲ್ಸನೇ ಮೊದ್ಲು ಹೋಯ್ತದಂತ. ಅಂದ್ಮೇಲ ಮಗಳ ಪ್ಲಸ್ ಟೂಗಂಟ ಯಾಕ ಓದುಸ್ಬೇಕು?"

ನಮ್ಮ ತಾಳವಾಡಿ ಸೀಮೆಯಲ್ಲಿ ಹತ್ತನೇ ತರಗತಿ ಮುಗಿಸಿದ ಹೆಣ್ಣುಮಗುವಿನ ಓದು ನಿಲ್ಲಿಸಲು ಕಾರಣಗಳಿಗೆ ಎಂದೂ ಬರವಿರಲಿಲ್ಲ. ಶಾಲೆ ದೂರ, ಬಸ್ಸಿಲ್ಲ, ಗಂಡು ನೋಡಿದ್ದೇವೆ, ತಮ್ಮನ ಫೀಸು ಕಟ್ಟಬೇಕು... ಈಗ ಅಮೆರಿಕದಿಂದಲೂ ಒಂದು ಕಾರಣ ಬಂದು ಸೇರಿಕೊಂಡಿದೆ. ಅದಕ್ಕೇ ಇದನ್ನು ಬರೆಯಬೇಕೆನ್ನಿಸಿತು.

ಆ ತಂದೆ ಹೇಳುವುದು ಪೂರ್ತಿ ಗಾಳಿಮಾತಲ್ಲ, ಅದನ್ನು ಮೊದಲು ಒಪ್ಪಿಬಿಡೋಣ. 2013ರಲ್ಲಿ ಆಕ್ಸ್‌ಫರ್ಡಿನ ಫ್ರೇ ಮತ್ತು ಆಸ್ಬರ್ನ್ ಎಂಬಿಬ್ಬರು ಅಮೆರಿಕದ ಶೇಕಡಾ 47ರಷ್ಟು ಉದ್ಯೋಗಗಳು ಯಂತ್ರದ ಪಾಲಾಗುವ ಅಪಾಯದಲ್ಲಿವೆ ಎಂದು ಲೆಕ್ಕ ಹಾಕಿದ್ದರು. ಆಗ ಕೈಕೆಲಸದವರಿಗೇ ಹೆಚ್ಚು ಭಯವಿತ್ತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮಾತು ತಿರುವುಮುರುವಾಯಿತು. 2023ರಲ್ಲಿ ಅದೇ ಕಂಪನಿಯ ಸಂಶೋಧಕರು ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಸೇರಿ ಬರೆದ ಲೇಖನದಲ್ಲಿ, ಹೆಚ್ಚು ಸಂಬಳದ ಓದುಬರಹದ ಕೆಲಸಗಳನ್ನೇ ಈ ಯಂತ್ರ ಹೆಚ್ಚು ಮುಟ್ಟುತ್ತದೆ ಎಂದಿತ್ತು. ಸ್ವಲ್ಪವೂ ಮುಟ್ಟದ ಕೆಲಸಗಳ ಪಟ್ಟಿಯಲ್ಲಿ ಕಲ್ಲು ಕಟ್ಟುವವರು, ಮೋಟರ್ ಸೈಕಲ್ ರಿಪೇರಿಯವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು ಇದ್ದರು. ಪಾತ್ರೆ ತೊಳೆಯುವವರು ಎಂಬಲ್ಲಿ ಒಂದು ಗಳಿಗೆ ನಿಲ್ಲಿ. ಮಗಳಿಗೆ "ಸೇಫ್" ಕೆಲಸ ಹುಡುಕುವ ಯಾವ ಅಪ್ಪ ಅದನ್ನು ಬಯಸಿಯಾನು?

ನನ್ನ ತಕರಾರು ಇಲ್ಲೇ ಇದೆ. ಯಂತ್ರ ಮುಟ್ಟದ ಕೆಲಸ ಬೇರೆ, ಬದುಕು ನಡೆಸಿಕೊಡುವ ಕೆಲಸ ಬೇರೆ. ಪೇಪರಿನಲ್ಲಿ, ಮೊಬೈಲಿನಲ್ಲಿ ಬರುವ ಪಟ್ಟಿಗಳು ಇವೆರಡನ್ನೂ ಕಲಸಿಬಿಡುತ್ತವೆ. ನನಗೆ ಇದು ಸ್ಪಷ್ಟವಾಗಿ ಕಂಡದ್ದು ತೇನಿ ಜಿಲ್ಲೆಯಲ್ಲಿ.

ನನ್ನ ಪರಿಚಯದ ತಮಿಳು ಮೇಷ್ಟ್ರೊಬ್ಬರ ಊರು ಕಂಬಂ ಹತ್ತಿರ. ಪಾಠ ಮಾಡುವುದು ತಮಿಳು, ಮನೆಮಾತು ಕನ್ನಡ! ತೇನಿ, ಕಂಬಂ, ದಿಂಡಿಗಲ್ ಕಡೆಯಲ್ಲಿ ಕಪ್ಪಿಲಿಯರ್ ಎಂದು ಕರೆಸಿಕೊಳ್ಳುವ ಒಕ್ಕಲಿಗರು, ಅನುಪ್ಪರು ಎಷ್ಟೋ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತಾ ಬಂದಿದ್ದಾರೆ. ಬರೆಯಲು ಓದಲು ತಮಿಳೇ. ರಜೆಯಲ್ಲಿ ಅವರ ಜೊತೆ ನಾನೂ ಆ ಊರಿಗೆ ಹೋಗಿದ್ದೆ. ಆ ಭಾಷೆಯ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಕಂಬಂ ಕಣಿವೆಯಲ್ಲಿ ಬೆಳಕು ಹರಿಯುವ ಮುಂಚೆ ಜೀಪುಗಳು ಹೊರಡುತ್ತವೆ. ಒಂದೊಂದರಲ್ಲೂ ಬುತ್ತಿ ಹಿಡಿದ ಹೆಂಗಸರು ಒತ್ತೊತ್ತಾಗಿ ಕೂತಿರುತ್ತಾರೆ. ಕಂಬಂಮೆಟ್ಟು, ಕುಮಳಿ, ಬೋಡಿಮೆಟ್ಟು ದಾರಿಗಳಲ್ಲಿ ಘಟ್ಟ ಹತ್ತಿ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆ ವಾಪಸ್. ಏಲಕ್ಕಿ ಕೊಯ್ಯುವುದನ್ನು ನೀವು ನೋಡಿರದಿದ್ದರೆ ಹೇಳುತ್ತೇನೆ. ಕಾಯಿ ಬಿಡುವುದು ಗಿಡದ ತುದಿಯಲ್ಲಲ್ಲ, ಬುಡದಲ್ಲಿ, ನೆಲಕ್ಕೆ ಹತ್ತಿದ ಗೊಂಚಲುಗಳಲ್ಲಿ. ಒಂದೇ ಗೊಂಚಲಲ್ಲಿ ಹೂವೂ ಇರುತ್ತದೆ, ಎಳೆಗಾಯಿಯೂ ಇರುತ್ತದೆ, ಬಲಿತದ್ದೂ ಇರುತ್ತದೆ. ಬಲಿತದ್ದನ್ನು ಮಾತ್ರ ಬಿಡಿಸಬೇಕು. ಎಳೆಯದನ್ನು ಕಿತ್ತರೆ ಒಣಗಿಸಿದಾಗ ಸುಕ್ಕಾಗುತ್ತದೆ, ಹಣ್ಣಾಗಲು ಬಿಟ್ಟರೆ ಒಡೆಯುತ್ತದೆ. ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಅದೇ ಗಿಡಕ್ಕೆ ಮತ್ತೆ ಬರಬೇಕು. ಇಳಿಜಾರು, ಕೆಸರು, ಜಿಗಣೆ, ಸಾಲದ್ದಕ್ಕೆ ದಿನವಿಡೀ ಬಗ್ಗಿಯೇ ಇರಬೇಕು. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದಂತೆ ಕಾಯಿ ಬಲಿತಿದೆಯೋ ಇಲ್ಲವೋ ಎಂದು.

ಈ ಕೆಲಸವನ್ನು ಕಂಪ್ಯೂಟರಿಗೆ ಕಲಿಸುವುದು ಸುಲಭವಲ್ಲ. ಕಾಯಿಯ ಫೋಟೋ ನೋಡಿ ಬಲಿತದ್ದು ಯಾವುದೆಂದು ಹೇಳುವಂತೆ ಮಾಡಬಹುದು. ಆದರೆ ಜಾರುವ ಗುಡ್ಡದಲ್ಲಿ, ಎಲೆಗಳ ನಡುವೆ ಕೈ ತೂರಿಸಿ, ಪಕ್ಕದ ಹೂವಿಗೆ ಪೆಟ್ಟಾಗದಂತೆ ಬಿಡಿಸುವುದಕ್ಕೆ ಬೇರೆಯೇ ಯಂತ್ರ ಬೇಕು, ಬೇಕಾದಷ್ಟು ದುಡ್ಡೂ ಬೇಕು. ಅಂದರೆ ಎ.ಐ. ಮುಟ್ಟದ ಕೆಲಸಗಳ ಪಟ್ಟಿ ಬರೆದರೆ ಏಲಕ್ಕಿ ಬಿಡಿಸುವವರು ಮೇಲಿನ ಸಾಲಿನಲ್ಲೇ ಇರುತ್ತಾರೆ. ಮೇಷ್ಟ್ರ ಸಂಬಂಧಿಕರೊಬ್ಬರು, ಅರ್ಧ ಆಯುಸ್ಸು ಜೀಪಿನಲ್ಲೇ ಕಳೆದವರು, ಮೊಮ್ಮಗಳನ್ನು ನರ್ಸಿಂಗ್ ಓದಿಸುತ್ತಿದ್ದಾರೆ. ಅವಳೂ ತೋಟಕ್ಕೆ ಬರುತ್ತಾಳಾ ಎಂದು ಕೇಳಿದರೆ ಬೆನ್ನು ಮುಟ್ಟಿಕೊಂಡು ನಕ್ಕರು. ಅವರ ಕೆಲಸವನ್ನು ಯಂತ್ರ ಕಿತ್ತುಕೊಳ್ಳುವ ಭಯ ಅವರಿಗಿಲ್ಲ. ಮೊಮ್ಮಗಳಿಗೂ ಅದೇ ಗಂಟು ಬೀಳಬಾರದು ಎಂಬುದೊಂದೇ ಚಿಂತೆ.

ಅದೇ ಏಲಕ್ಕಿ ಕೆಳಗಿಳಿದು ಬೋಡಿನಾಯಕನೂರಿಗೆ ಬಂದಾಗ ಕಥೆ ಬೇರೆ. ಅಲ್ಲಿ ಸಂಬಾರ ಮಂಡಳಿಯ ಹರಾಜು ಕೇಂದ್ರವಿದೆ. ಹಿಂದೆ ಬೆಲೆ ಕೂಗಿ ಹರಾಜು ನಡೆಯುತ್ತಿತ್ತು. 2007ರಲ್ಲಿ ಇ-ಹರಾಜು ಬಂತು. ಈಗ ವ್ಯಾಪಾರಿಗಳು ಕಂಪ್ಯೂಟರಿನ ಮುಂದೆ ಕೂತು ಗುಂಡಿ ಒತ್ತುತ್ತಾರೆ. 2021ರಿಂದ ಬೋಡಿಯಲ್ಲೂ ಇಡುಕ್ಕಿಯ ಪುಟ್ಟಡಿಯಲ್ಲೂ ಕೂತವರು ಒಂದೇ ಹರಾಜಿನಲ್ಲಿ ಪಾಲ್ಗೊಳ್ಳುವ ವ್ಯವಸ್ಥೆಯೂ ಬಂತು. ಕೂಗುವವನ ಗಂಟಲಿಗೆ ಕೆಲಸವಿಲ್ಲ. ಆದರೆ ಮಾದರಿ ಕಾಯಿಯನ್ನು ಕೈಗೆ ಸುರಿದುಕೊಂಡು, ಬಣ್ಣ ನೋಡಿ, ಬಿಡಿಸಿ ಮೂಸಿ, "ಇದಕ್ಕೆ ಇಷ್ಟು" ಎಂದು ತೀರ್ಮಾನಿಸುವವನು ಇನ್ನೂ ಇದ್ದಾನೆ. ತಪ್ಪಾದರೆ ಅವನ ದುಡ್ಡು ಹೋಗುತ್ತದೆ. ಗಮನಿಸಿ, ಒಂದೇ ಹರಾಜಿನ ಮನೆಯಲ್ಲಿ ಒಂದು ಕೆಲಸ ಹೋಯಿತು, ಒಂದು ಉಳಿಯಿತು. ಉಳಿದದ್ದು ಕೈಚಳಕಕ್ಕಾಗಿ ಅಲ್ಲ, ತೀರ್ಮಾನದ ಹೊಣೆ ಹೊರುವವನು ಒಬ್ಬ ಬೇಕು ಎಂಬುದಕ್ಕಾಗಿ.

ಕೈಚಳಕ ಒಂದೇ ಸಾಲದು ಎನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ದಿಂಡಿಗಲ್ಲಿಗೆ ಹೋಗಿ. ಬಿರಿಯಾನಿಗೆ ಮೊದಲೇ ಆ ಊರು ಬೀಗಕ್ಕೆ ಹೆಸರಾಗಿತ್ತು. ಮಾವಿನಕಾಯಿ ಆಕಾರದ ಬೀಗ, ಗಂಟೆ ಬಾರಿಸುವ ಬೀಗ, ಕಳ್ಳನನ್ನು ಏಮಾರಿಸುವ ಬೀಗ... ಒಳಗಿನ ಲಿವರುಗಳನ್ನೂ ಬೀಗದ ಕೈಯನ್ನೂ ಅರದಿಂದ ಉಜ್ಜಿ ಉಜ್ಜಿ ಹೊಂದಿಸುತ್ತಾರೆ. ಒಂದರ ಕೈ ಇನ್ನೊಂದಕ್ಕೆ ಆಗದಂತೆ ಮಾಡುವುದೇ ಅಲ್ಲಿನ ವಿದ್ಯೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಅಷ್ಟರಲ್ಲಿ ಕಸುಬು ಸೊರಗಿತ್ತು. ಅಲೀಗಢದ ಕಾರ್ಖಾನೆಗಳಿಂದ ಅಗ್ಗದ ಬೀಗ ಬಂದು ಅಂಗಡಿ ತುಂಬಿಕೊಂಡಿತು. ದಿಂಡಿಗಲ್ಲಿನ ಬೀಗವನ್ನು ಅಷ್ಟೇ ಚೆನ್ನಾಗಿ ಮಾಡುವ ಯಂತ್ರ ಬರಲೇ ಇಲ್ಲ ನೋಡಿ, ಅದರ ಅವಶ್ಯಕತೆಯೇ ಬೀಳಲಿಲ್ಲ! ಸುಮಾರಾದ ಬೀಗ ಕಡಿಮೆ ಬೆಲೆಗೆ ಸಿಕ್ಕರೆ ಜನಕ್ಕೆ ಸಾಕಾಯಿತು. ದೇವಸ್ಥಾನಕ್ಕೆ, ಗೋದಾಮಿಗೆ ಬೇಕೆಂದು ಹೇಳಿ ಮಾಡಿಸುವವರು ಇದ್ದಾರೆ, ಅದರಿಂದ ಎಷ್ಟು ಮನೆ ನಡೆದೀತು?

ಎ.ಐ. ವಿಚಾರದಲ್ಲಿ ನನಗೆ ದಿಂಡಿಗಲ್ಲಿನ ಬೀಗವೇ ಹೆಚ್ಚು ಭಯ ಹುಟ್ಟಿಸುವುದು. "ನನ್ನಷ್ಟು ಚೆನ್ನಾಗಿ ಅದಕ್ಕೆ ಕನ್ನಡ ಬರೆಯಲು ಬರುವುದಿಲ್ಲ" ಎಂದು ಮೇಷ್ಟ್ರು, ಅನುವಾದಕರು, ಪತ್ರಕರ್ತರು ಸಮಾಧಾನ ಮಾಡಿಕೊಳ್ಳುತ್ತಾರೆ. ಬರುವುದಿಲ್ಲ, ನಿಜ. ಆದರೆ ಸುಮಾರಾದ ಕನ್ನಡ ಪುಕ್ಕಟೆ ಸಿಕ್ಕರೆ ಸಾಕೆನ್ನುವ ಗಿರಾಕಿ ಎಷ್ಟು ಜನ ಇದ್ದಾರೆ ಎಂಬುದು ಪ್ರಶ್ನೆ. ನಾನು ಟಿ.ಸಿ.ಎಚ್. ಮಾಡುತ್ತಿದ್ದ ಕಾಲಕ್ಕೆ ಕನ್ನಡ ಮಾಧ್ಯಮದ ಹುಡುಗರಿಗೆ ಎಲ್ಲರೂ ಹೇಳುತ್ತಿದ್ದದ್ದು "ಟೈಪಿಂಗ್ ಕಲಿ" ಅಂತ. ಆಮೇಲೆ ಬರಹ, ನುಡಿ ಬಂದ ಮೇಲೆ ಡಿ.ಟಿ.ಪಿ. ಅಂಗಡಿ ಇಟ್ಟು ಮದುವೆ ಕಾಗದ, ಅರ್ಜಿ ಟೈಪು ಮಾಡಿ ಸಂಸಾರ ನಡೆಸಿದವರು ಎಷ್ಟೋ ಜನ. ಆ ದಾರಿ ಇನ್ನು ಕಿರಿದಾಗುತ್ತದೆ, ಇದನ್ನು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಬರೀ ಟೈಪು, ಬರೀ ಡಾಟಾ ಎಂಟ್ರಿ, ಬರೀ ಬಾಯಿಪಾಠದ ಲೆಕ್ಕಪತ್ರ ನಂಬಿ ಯಾರೂ ಕೋರ್ಸಿಗೆ ದುಡ್ಡು ಸುರಿಯಬೇಡಿ.

ಹಾಗೆಂದು ಯಂತ್ರ ಬಂತು ಎಂದ ಕೂಡಲೇ ಕೆಲಸ ಹೋಯಿತು ಎಂದೂ ಅಲ್ಲ. ಜೆಫ್ರಿ ಹಿಂಟನ್ ಎಂಬ ವಿಜ್ಞಾನಿ, ಈ ವಿದ್ಯೆಯ ಮೂಲಪುರುಷರಲ್ಲೊಬ್ಬರು, 2024ರಲ್ಲಿ ನೊಬೆಲ್ ಪಡೆದವರು, 2016ರಲ್ಲೇ ಹೇಳಿದ್ದರು: ಎಕ್ಸ್‌ರೇ ನೋಡುವ ರೇಡಿಯಾಲಜಿಸ್ಟ್ ವೈದ್ಯರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು ಅಂತ. ಇಂದಿಗೂ ರೇಡಿಯಾಲಜಿಸ್ಟರು ಇದ್ದಾರೆ. ಯಂತ್ರ ನೆರಳು ಗುರುತಿಸುತ್ತದೆ, ವರದಿಗೆ ಸಹಿ ಹಾಕುವವರು ವೈದ್ಯರೇ.

ಸಹಿಯ ಮಾತು ಬಂದಾಗ ಕಂಬಂ ಕಣಿವೆಯ ನೀರೇ ನೆನಪಾಗುತ್ತದೆ. ಆ ಕಣಿವೆ ಹಸಿರಾಗಿರುವುದು, ಪನ್ನೀರ್ ದ್ರಾಕ್ಷಿಯ ಚಪ್ಪರ ನಳನಳಿಸುವುದು 1895ರಲ್ಲಿ ಪೆನ್ನಿಕ್ವಿಕ್ ಕಟ್ಟಿ ಮುಗಿಸಿದ ಮುಲ್ಲಪೆರಿಯಾರ್ ಅಣೆಕಟ್ಟಿನಿಂದ. ಅಣೆಕಟ್ಟು ಇರುವುದು ಕೇರಳದಲ್ಲಿ, ನಡೆಸುವುದು ತಮಿಳುನಾಡು. 2014ರಲ್ಲಿ ಸುಪ್ರೀಂ ಕೋರ್ಟು ನೀರಿನ ಮಟ್ಟ 142 ಅಡಿಯವರೆಗೆ ಇರಬಹುದು ಎಂದು ತೀರ್ಪು ಕೊಟ್ಟಿತು. ಎಷ್ಟು ಮಳೆ ಬೀಳುತ್ತದೆ, ಎಷ್ಟು ಒಳಹರಿವು ಬರುತ್ತದೆ ಎಂದು ಎ.ಐ. ನಮಗಿಂತ ಚೆನ್ನಾಗಿ ಹೇಳಬಹುದು. ಆದರೆ ರಾತ್ರಿ ಬಾಗಿಲು ಎತ್ತಿಸಿ, ಬೆಳಗ್ಗೆ ಎರಡು ರಾಜ್ಯಗಳ ಜನರ ಮುಂದೆ ನಿಂತು ಉತ್ತರ ಹೇಳುವವರು ಒಬ್ಬ ಇಂಜಿನಿಯರೇ ಆಗಿರಬೇಕು. ಯಂತ್ರವನ್ನು ಸಸ್ಪೆಂಡ್ ಮಾಡಲು ಬರುವುದಿಲ್ಲವಲ್ಲ!

ನರ್ಸು, ಲೈನ್‌ಮನ್, ಪಶುವೈದ್ಯರ ಸಹಾಯಕ, ಗ್ರಾಮಾಡಳಿತ ಅಧಿಕಾರಿ, ಔಷಧಿ ಅಂಗಡಿಯ ಫಾರ್ಮಸಿಸ್ಟ್... ಇಲ್ಲೆಲ್ಲ ಕೈಯೂ ಬೇಕು, ಎದುರಿಗೆ ಮನುಷ್ಯರೂ ಇರುತ್ತಾರೆ, ತಪ್ಪಾದರೆ ಕೇಳುವವರೂ ಇರುತ್ತಾರೆ. ಇಂಥ ಕೆಲಸಗಳು ಬೇಗ ಅಲುಗಾಡುವುದಿಲ್ಲ ಎಂದೇ ನನ್ನ ಅನಿಸಿಕೆ. ಒಂದು ವಿಷಯ ನೋಡಿದಿರಾ? ಇವುಗಳಲ್ಲಿ ಹೆಚ್ಚಿನವಕ್ಕೆ ಪ್ಲಸ್ ಟೂ, ಡಿಪ್ಲೊಮಾ ಅಥವಾ ಐ.ಟಿ.ಐ. ಬೇಕು. ಹತ್ತಕ್ಕೆ ಓದು ಬಿಡಿಸಿದರೆ ಮಗಳಿಗೆ ಉಳಿಯುವುದು ಎ.ಐ. ಮುಟ್ಟದ ಇನ್ನೊಂದು ಥರದ ಕೆಲಸ. ಜೀಪು ಹತ್ತುವ ಕೆಲಸ.

ಈಗ ಆ ಮನೆಮಾತಿನ ವಿಚಾರ. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಭಾಷಿಣಿಯಂಥ ಯೋಜನೆಗಳಲ್ಲಿ ಕನ್ನಡವೂ ಇದೆ. ಆದರೆ ಯಂತ್ರ ಕಲಿಯುವುದು ಬರೆದದ್ದರಿಂದ, ಧ್ವನಿಮುದ್ರಿಸಿದ್ದರಿಂದ. ಬರಹವೇ ಇಲ್ಲದ, ತಮಿಳು ಬೆರೆತ ಆ ಕಣಿವೆಯ ಕನ್ನಡ ಅದಕ್ಕೆ ಎಲ್ಲಿಂದ ಬರಬೇಕು? ನಮ್ಮ ತಾಳವಾಡಿ ಕನ್ನಡಕ್ಕೇ ಅದು ತಡಬಡಾಯಿಸುತ್ತದೆ. ನರ್ಸಿಂಗ್ ಓದುತ್ತಿರುವ ಆ ಹುಡುಗಿ ನಾಳೆ ಯಾವುದೋ ಆಸ್ಪತ್ರೆಯಲ್ಲಿ, ತಮ್ಮ ಊರಿನ ಅಜ್ಜಿಯ ಹತ್ತಿರ ಎಲ್ಲಿ ನೋವು ಎಂದು ಮನೆಮಾತಿನಲ್ಲೇ ಕೇಳಬಲ್ಲಳು. ಹಾಗೆಂದು ಬೀಗಬಾರದು. ಯಂತ್ರಕ್ಕೆ ಬರದ ಭಾಷೆಗೆ ಯಾರೂ ಸಂಬಳ ಕೊಡುವುದಿಲ್ಲ, ನರ್ಸಿಂಗ್ ಸರ್ಟಿಫಿಕೇಟಿಗೆ ಕೊಡುತ್ತಾರೆ. ಭಾಷೆ ಆ ಕೆಲಸವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಅಷ್ಟೇ. ನಮ್ಮ ಮಕ್ಕಳಿಗಾದರೋ ಕನ್ನಡ, 2006ರ ಕಾನೂನು ಬಂದ ಮೇಲೆ ತಮಿಳು, ಜೊತೆಗೆ ಇಂಗ್ಲಿಷು, ಮೂರು ಲಿಪಿಗಳ ಹೊರೆ. ಹೊರೆಯೆಂದು ನಾವೇ ಗೊಣಗುತ್ತೇವೆ. ಗಡಿಯ ಆಸ್ಪತ್ರೆ, ಬ್ಯಾಂಕು, ಆರ್.ಟಿ.ಓ. ಕಚೇರಿಗಳಲ್ಲಿ ಮೂರನ್ನೂ ಓದಬಲ್ಲವರು ಎಷ್ಟು ಜನ ಸಿಗುತ್ತಾರೆ ಹೇಳಿ.

ಮೇಷ್ಟ್ರ ಕೆಲಸ ಉಳಿಯುತ್ತದಾ ಅಂತ ಕೇಳುವವರೂ ಇದ್ದಾರೆ. ನಾನಿಲ್ಲದೆ ಶಾಲೆ ನಡೆಯದು ಎಂಬ ಭ್ರಮೆ ನನಗಿಲ್ಲ. ಆದರೆ ಕನ್ನಡ ಮಾಧ್ಯಮದ ಹುದ್ದೆಯನ್ನು ತೆಗೆಯಲು ಎ.ಐ. ಬೇಕಾಗಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರು ಕಡಿಮೆಯಾದರೆ ಸಾಕು.

ಕೊನೆಗೆ ಪೋಷಕರಿಗೆ ಒಂದೆರಡು ಮಾತು. 2022ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಆರಂಭಿಸಿದ ಪುದುಮೈ ಪೆಣ್ ಯೋಜನೆ 6ರಿಂದ 12ನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ, ಮುಂದೆ ಓದಲು ಸೇರಿದರೆ ತಿಂಗಳಿಗೆ 1000 ರೂಪಾಯಿ ಕೊಡುವುದಕ್ಕಾಗಿ ಬಂದದ್ದು. ಈಗಿನ ನಿಯಮ ಏನೆಂದು ಶಾಲೆಯಲ್ಲಿ ಕೇಳಿಕೊಳ್ಳಿ. ವೃತ್ತಿಶಿಕ್ಷಣದ ಸೀಟುಗಳಲ್ಲಿ ಸರ್ಕಾರಿ ಶಾಲೆಯವರಿಗೆ ಶೇಕಡಾ 7.5ರ ಮೀಸಲಾತಿಯೂ ಬಂದಿದೆ, ವೈದ್ಯಕೀಯಕ್ಕೆ 2020ರಲ್ಲಿ, ಇಂಜಿನಿಯರಿಂಗ್ ಮೊದಲಾದವಕ್ಕೆ 2021ರಲ್ಲಿ. ಇನ್ನೊಂದು ಸಣ್ಣ ವಿಷಯ, ಆದರೆ ಪ್ರತಿ ವರ್ಷ ತಲೆನೋವು ಕೊಡುವಂಥದ್ದು. ನಮ್ಮ ಮಕ್ಕಳ ಹೆಸರು ಟಿ.ಸಿ.ಯಲ್ಲಿ ಒಂದು ಥರ, ಆಧಾರಿನಲ್ಲಿ ಒಂದು ಥರ, ತಮಿಳಿನ ಜಾತಿ ಸರ್ಟಿಫಿಕೇಟಿನಲ್ಲಿ ಇನ್ನೊಂದು ಥರ ಇರುತ್ತದೆ. ಅರ್ಜಿ ಹಾಕುವಾಗ ಕಂಪ್ಯೂಟರು ಮೂವರೂ ಬೇರೆ ಬೇರೆ ಹುಡುಗಿಯರು ಎನ್ನುತ್ತದೆ. ಹತ್ತನೇ ತರಗತಿಯ ಪಟ್ಟಿ ಹೋಗುವ ಮುಂಚೆಯೇ ಬಂದು ಸರಿಮಾಡಿಸಿಕೊಳ್ಳಿ.