ಇರುಳಿನ ಆಟಕ್ಕೆ ಎಂತಹ ಕ್ಯಾಮೆರಾ?

ನಮ್ಮ ಸೀಮೆಯ ಸಂಭ್ರಮಗಳು ಬಹುತೇಕ ಇರುಳಿನವು. ಹಗಲನ್ನು ಕಬ್ಬಿನ ಗದ್ದೆಗೂ ರಾಗಿಯ ಹೊಲಕ್ಕೂ ಒಪ್ಪಿಸಿದ ಜನರಿಗೆ ಬಿಡುವಾಗುವುದು ದೀಪ ಹಚ್ಚಿದ ಮೇಲೆಯೇ. ಸಂತೆಬಾಚಹಳ್ಳಿ ಹೋಬಳಿಯಲ್ಲಾಗಲಿ, ಕಿಕ್ಕೇರಿಯ ಕಡೆಯಲ್ಲಾಗಲಿ, ಊರ ಹಬ್ಬದ 'ಕುರುಕ್ಷೇತ್ರ' ನಾಟಕವು ರಾತ್ರಿ ಒಂಬತ್ತರ ಮೇಲೆ ಆರಂಭವಾಗಿ ಕೋಳಿ ಕೂಗುವ ಹೊತ್ತಿಗೆ ಮುಗಿಯುತ್ತದೆ. ಯುವಕ ಸಂಘಗಳು ನಡೆಸುವ ಕಬಡ್ಡಿ ಪಂದ್ಯಾವಳಿಯ ಹೆಸರಿನಲ್ಲಿಯೇ 'ಹೊನಲು ಬೆಳಕು' ಇದೆ. ಮೇಲುಕೋಟೆಯ ವೈರಮುಡಿಯನ್ನಂತೂ ಹೇಳುವುದೇ ಬೇಡ. ಮಂಡ್ಯದ ಖಜಾನೆಯಿಂದ ಬರುವ ಆ ಕಿರೀಟಕ್ಕೆ ಹಗಲ ಬೆಳಕು ಸೋಕಬಾರದೆಂಬ ಸಂಪ್ರದಾಯವೇ ಇದೆ. ಮದುವೆಗಳಲ್ಲಿಯೂ ಜನ ಹೆಚ್ಚು ಸೇರುವುದು ಸಂಜೆಯ ಆರತಕ್ಷತೆಗೆ.

ಆದ್ದರಿಂದ ಮಂದ ಬೆಳಕಿನಲ್ಲಿ ಚಿತ್ರ ತೆಗೆಯಬಲ್ಲ ಕ್ಯಾಮೆರಾ ಯಾವುದು ಎಂಬ ಪ್ರಶ್ನೆ ನಮ್ಮ ಕಡೆಯ ಛಾಯಾಗ್ರಾಹಕರ ಪಾಲಿಗೆ ಶೋಕಿಯ ಮಾತಲ್ಲ, ಅನ್ನದ ಮಾತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈ ವೃತ್ತಿಯನ್ನು ನಂಬಿ ಬದುಕುತ್ತಿದ್ದಾರೆ. ಅವರಲ್ಲೊಬ್ಬನು ಈಚೆಗೆ ಮನೆಯ ಒಡವೆಗಳನ್ನು ಗಿರವಿ ಇಟ್ಟು ಹೊಸ ಕ್ಯಾಮೆರಾ ಬಾಡಿಯೊಂದನ್ನು ಕೊಳ್ಳುವ ಆಲೋಚನೆಯಲ್ಲಿದ್ದು, 'ಏನು ಹೇಳುತ್ತೀರಿ ಸಾರ್' ಎಂದು ಕೇಳಿದನು. ನಾನು ವೃತ್ತಿಯಿಂದ ಛಾಯಾಗ್ರಾಹಕನಲ್ಲ. ಆದರೆ ಹೈಸ್ಕೂಲಿನಲ್ಲಿ ಬೆಳಕಿನ ಪಾಠ ಮಾಡಿದವನು. ಶಾಲೆಯ ಕ್ರೀಡಾಕೂಟ, ವಾರ್ಷಿಕೋತ್ಸವಗಳ ಚಿತ್ರಗಳನ್ನು ತೆಗೆದವನು. ಅವನಿಗೆ ಹೇಳಿದ್ದನ್ನೇ ಇತರರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇರುಳಿನ ಆಟಕ್ಕೂ ಉತ್ಸವಕ್ಕೂ ಹೊಚ್ಚ ಹೊಸ ಬಾಡಿಗಾಗಿ ಸಾಲ ಮಾಡುವುದು ಬೇಡ. ನಾಲ್ಕಾರು ವರ್ಷ ಹಳೆಯದಾದ, ಸುಸ್ಥಿತಿಯಲ್ಲಿರುವ, 20ರಿಂದ 24 ಮೆಗಾಪಿಕ್ಸೆಲ್‌ನ ಒಂದು ಫುಲ್ ಫ್ರೇಮ್ ಬಾಡಿಯನ್ನು ಕೊಂಡು, ಉಳಿದ ಹಣವನ್ನು ಹೆಚ್ಚು ಬೆಳಕು ಬಿಡುವ ಲೆನ್ಸಿಗೆ ಹಾಕುವುದು ಲೇಸು. ಇದಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಚಿತ್ರಕ್ಕೆ ಬೇಕಾದ ಬೆಳಕನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆಂದು ನಿಮಗೆಲ್ಲ ಗೊತ್ತು: ಲೆನ್ಸಿನ ರಂಧ್ರ ಎಷ್ಟು ದೊಡ್ಡದು, ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ, ಐಎಸ್‌ಒ ಎಷ್ಟಿದೆ. ನಿಂತ ಮನುಷ್ಯನ ಚಿತ್ರವಾದರೆ ಶಟರನ್ನು ನಿಧಾನಗೊಳಿಸಬಹುದು. ಕಬಡ್ಡಿಯ ದಾಳಿಗಾರ ನಿಲ್ಲುವವನಲ್ಲ. ಅವನ ಕೈಕಾಲು ಸ್ಪಷ್ಟವಾಗಿ ಮೂಡಬೇಕಾದರೆ ಸೆಕೆಂಡಿನ 500ನೇ ಒಂದು ಭಾಗವಾದರೂ ಬೇಕು. ಹಳ್ಳಿಯ ಮೈದಾನದ ದೀಪಗಳಲ್ಲಿ ಎಫ್/2.8, 1/500, ಐಎಸ್‌ಒ 6400 ಎಂಬುದು ಸಾಧಾರಣವಾಗಿ ಬರಬಹುದಾದ ಲೆಕ್ಕ. ಬಾಡಿಯ ಜೊತೆಗೆ ಅಗ್ಗವಾಗಿ ಬರುವ ಲೆನ್ಸುಗಳು ಜೂಮ್ ಮಾಡಿದಾಗ ಎಫ್/5.6ಕ್ಕೆ ಇಳಿಯುತ್ತವೆ. ಎಂದರೆ ಒಳಗೆ ಬರುವ ಬೆಳಕು ನಾಲ್ಕನೇ ಒಂದು ಭಾಗ. ಆಗ ಒಂದೋ ಶಟರನ್ನು 1/125ಕ್ಕೆ ಇಳಿಸಿ ಆಟಗಾರನನ್ನು ಮಸುಕು ಮಾಡಬೇಕು, ಇಲ್ಲವೇ ಐಎಸ್‌ಒವನ್ನು 25600ಕ್ಕೆ ಏರಿಸಿ ಚಿತ್ರದ ತುಂಬ ರವೆ ಚೆಲ್ಲಿದಂತೆ ಮಾಡಬೇಕು. ಎಷ್ಟೇ ದುಬಾರಿಯ ಬಾಡಿಯಾದರೂ ಲೆನ್ಸು ಒಳಗೆ ಬಿಡದ ಬೆಳಕನ್ನು ಅದು ಹುಟ್ಟಿಸಲಾರದು.

ಇನ್ನು ಸೆನ್ಸರಿನ ವಿಚಾರ. ಸೆನ್ಸರ್ ಎಂಬುದು ಮಳೆಗೆ ಹಿಡಿದ ಪಾತ್ರೆಯಿದ್ದಂತೆ. ಅದೇ ಮಳೆಯಲ್ಲಿ ಅಗಲಬಾಯಿಯ ಹರಿವಾಣ ಚೊಂಬಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಫುಲ್ ಫ್ರೇಮ್ ಸೆನ್ಸರಿನ ಅಳತೆ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ, ವಿಸ್ತೀರ್ಣ 864 ಚದರ ಮಿ.ಮೀ. ನಿಕಾನ್ ಮತ್ತು ಸೋನಿಯ ಎಪಿಎಸ್-ಸಿ ಸೆನ್ಸರಿನದು ಸುಮಾರು 367. ಅಂದರೆ ಫುಲ್ ಫ್ರೇಮ್ ಎರಡು ಪಟ್ಟಿಗಿಂತ ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಇರುಳಿನ ಕೆಲಸಕ್ಕೆ ಇದೇ ಅದರ ಹಿರಿಮೆ, ಮಿಕ್ಕದ್ದೆಲ್ಲ ಆಮೇಲೆ.

ಇಲ್ಲೊಂದು ಇತಿಹಾಸವನ್ನು ನೆನೆಯಬೇಕು. 1999ರಲ್ಲಿ ಬಂದ ನಿಕಾನ್ ಡಿ1 ಕ್ಯಾಮೆರಾದ ಐಎಸ್‌ಒ ಮಿತಿ 1600. ಅದರ ಚಿತ್ರ ಮೂರು ಮೆಗಾಪಿಕ್ಸೆಲ್‌ಗೂ ಕಡಿಮೆ. 2007ರಲ್ಲಿ ಅದೇ ಸಂಸ್ಥೆಯ ಡಿ3 ಬಂದಾಗ 12 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರಿನಲ್ಲಿ ಐಎಸ್‌ಒ 6400 ದಿನಬಳಕೆಗೆ ಬಂದಿತು. ರಾತ್ರಿಯ ಆಟದ ಚಿತ್ರಣದಲ್ಲಿ ದೊಡ್ಡ ಜಿಗಿತ ಕಂಡದ್ದು ಆಗ. ಆಮೇಲೆ ಸೆನ್ಸರುಗಳು ಸುಧಾರಿಸಿವೆ ನಿಜ, ಆದರೆ ಹೆಜ್ಜೆಗಳು ಚಿಕ್ಕವು. ಒಂದು ಹೊಸ ಮಾದರಿಗೂ ಅದರ ಹಿಂದಿನ ಮಾದರಿಗೂ ಮಂದ ಬೆಳಕಿನಲ್ಲಿ ಇರುವ ಅಂತರ, ಎಫ್/5.6ರ ಲೆನ್ಸಿಗೂ ಎಫ್/1.8ರ ಲೆನ್ಸಿಗೂ ಇರುವ ಅಂತರದ ಮುಂದೆ ಏನೂ ಅಲ್ಲ.

ಮೆಗಾಪಿಕ್ಸೆಲ್‌ನ ವ್ಯಾಮೋಹವನ್ನೂ ಬಿಡಿ. ಆಟದ ಚಿತ್ರಕ್ಕೆಂದೇ ಹೆಸರಾದ ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3 (2020) 20 ಮೆಗಾಪಿಕ್ಸೆಲ್‌ನದು. ನಿಕಾನ್ ಡಿ6 ಸಹ ಅದೇ ವರ್ಷದ್ದು, ಅದೇ ಆಸುಪಾಸಿನದು. 2024ರಲ್ಲಿ ಬಂದ ಕ್ಯಾನನ್ ಆರ್1 ಕೂಡ 24ಕ್ಕೇ ನಿಂತಿತು. ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾಗಳನ್ನು ತಯಾರಿಸುವವರೇ ಇಷ್ಟು ಸಾಕೆಂದಿರುವಾಗ, ಆಲ್ಬಮ್ಮಿಗೆ 12×18 ಅಂಗುಲದ ಹಾಳೆ ಮುದ್ರಿಸುವ ನಮಗೆ 45, 60 ಯಾಕೆ? ಕಂಪ್ಯೂಟರಿಗೂ ಹಾರ್ಡ್ ಡಿಸ್ಕಿಗೂ ಹೊರೆ ಅಷ್ಟೆ.

ಅಂಗಡಿಯವರು ಸಾಮಾನ್ಯವಾಗಿ ಹೇಳದ ಒಂದು ಸಂಗತಿ ದೀಪದ ಮಿನುಗು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಪ್ರತಿ ಆವರ್ತದಲ್ಲಿಯೂ ಎರಡು ಬಾರಿ ಏರಿಳಿಯುವುದರಿಂದ ಟ್ಯೂಬ್‌ಲೈಟು, ಮೆಟಲ್ ಹ್ಯಾಲೈಡ್ ಮತ್ತು ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ಕಾಣದು, 1/500ರ ಶಟರಿಗೆ ಕಾಣುತ್ತದೆ. ಒಂದೇ ಓಟದ ಹತ್ತು ಚಿತ್ರಗಳಲ್ಲಿ ಮೂರು ಕಪ್ಪು, ಎರಡು ಹಳದಿ ಆಗುವುದು ಇದರಿಂದಲೇ. ಇದಕ್ಕೆ ಪರಿಹಾರವಾಗಿ ದೀಪ ಉಜ್ವಲವಾಗುವ ಕ್ಷಣವನ್ನೇ ಹಿಡಿದು ಶಟರ್ ಬಿಡುವ ಆ್ಯಂಟಿ ಫ್ಲಿಕರ್ ಎಂಬ ಸೌಲಭ್ಯ 2014ರ ಕ್ಯಾನನ್ 7ಡಿ ಮಾರ್ಕ್ 2ರಲ್ಲಿ ಬಂದಿತು. ಬಳಿಕ ಇತರರೂ ಅಳವಡಿಸಿಕೊಂಡರು. ಕೊಳ್ಳುವ ಬಾಡಿಯಲ್ಲಿ ಇದು ಇದೆಯೇ ಎಂದು ತಪ್ಪದೆ ನೋಡಿ. ಇನ್ನು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರು ಸಾಮಾನ್ಯ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ ಇಂತಹ ದೀಪಗಳಡಿ ಚಿತ್ರದ ಮೇಲೆ ಪಟ್ಟೆ ಬಳಿಯುತ್ತದೆ. ಇಡೀ ಸೆನ್ಸರನ್ನು ಒಂದೇ ಕ್ಷಣದಲ್ಲಿ ಓದುವ ಸೋನಿ ಎ9 ಮಾರ್ಕ್ 3 2023ರ ಕೊನೆಯಲ್ಲಿ ಪ್ರಕಟವಾಯಿತು. ಆದರೆ ಅದರ ಬೆಲೆ ನಮ್ಮ ಹೋಬಳಿಯ ಮದುವೆಗಳ ಸಂಪಾದನೆಗೆ ಎಟುಕುವಂಥದಲ್ಲ. ಕಬಡ್ಡಿಗೆ ಮೆಕ್ಯಾನಿಕಲ್ ಶಟರೇ ಇರಲಿ, 'ಟಪ್' ಎಂದರೆ ಯಾರೂ ಬೇಸರಿಸರು. ನಿಶ್ಶಬ್ದ ಬೇಕಾದದ್ದು ಧಾರೆಯ ಮುಹೂರ್ತದಲ್ಲಿ, ನಾಟಕದ ಆಲಾಪನೆಯ ಹೊತ್ತಿನಲ್ಲಿ. ಅಲ್ಲಿ 1/100ಕ್ಕೆ ಇಳಿಸಿದರೆ ಪಟ್ಟೆಯೂ ಬಹುಮಟ್ಟಿಗೆ ಮಾಯವಾಗುತ್ತದೆ.

ಫೋಕಸ್ ಮತ್ತೊಂದು ಪರೀಕ್ಷೆ. ಈ ವಿಷಯದಲ್ಲಿ ಹೊಸ ಮಿರರ್‌ಲೆಸ್ ಬಾಡಿಗಳು ಮುಂದಿವೆ ಎಂಬುದನ್ನು ಒಪ್ಪಲೇಬೇಕು. 2014ರ ನಿಕಾನ್ ಡಿ750 ಕತ್ತಲಲ್ಲಿ ಮೈನಸ್ 3 ಇವಿವರೆಗೆ ಫೋಕಸ್ ಮಾಡುತ್ತಿದ್ದರೆ, 2020ರ ಕ್ಯಾನನ್ ಆರ್6 ಎಫ್/1.2 ಲೆನ್ಸಿನೊಂದಿಗೆ ಮೈನಸ್ 6.5ರವರೆಗೆ ಹೋಗುತ್ತದೆಂದು ತಯಾರಕರ ಹೇಳಿಕೆ. ಕಣ್ಣನ್ನು ಗುರುತಿಸಿ ಹಿಂಬಾಲಿಸುವ ಸೌಲಭ್ಯವೂ ಇವುಗಳಲ್ಲಿ ಇದೆ. ಆದರೆ ಏಳು ಮಂದಿ ಕೈಕೈ ಹಿಡಿದು ಒಬ್ಬನನ್ನು ಸುತ್ತುವರಿಯುವ ಆಟದಲ್ಲಿ ಯಾರ ಕಣ್ಣು ಎಂಬುದನ್ನು ಕ್ಯಾಮೆರಾ ತಿಳಿಯದು, ನೀವು ತಿಳಿದಿರಬೇಕು.

ಈಗ ಒಂದು ಲೆಕ್ಕ ಮಾಡೋಣ. ಹಲಗೆಯ ಮುಂದೆ ಕುಳಿತಿದ್ದೀರೆಂದೇ ಭಾವಿಸಿಕೊಳ್ಳಿ. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದು 12 ಮತ್ತು 8. ಹಿಂಗೆರೆಯ ಆಚೆ ಕುಳಿತರೆ ನಿಮ್ಮತ್ತ ಮುಖ ಮಾಡಿ ಬರುವ ದಾಳಿಗಾರ ಸುಮಾರು 7 ಮೀಟರ್ ದೂರದಲ್ಲಿ ಸಿಗುತ್ತಾನೆ. ಅಷ್ಟು ದೂರದಲ್ಲಿ 85 ಮಿ.ಮೀ. ಲೆನ್ಸು ಫುಲ್ ಫ್ರೇಮ್ ಬಾಡಿಯಲ್ಲಿ ಹತ್ತಿರ ಹತ್ತಿರ 3 ಮೀಟರ್ ಅಗಲವನ್ನು ಹಿಡಿಯುತ್ತದೆ. ದಾಳಿಗಾರನೊಬ್ಬ, ಅವನ ಕಾಲಿಗೆ ಬಿದ್ದ ಇಬ್ಬರು ಹಿಡಿತಗಾರರು: ಚಿತ್ರಕ್ಕೆ ಇನ್ನೇನು ಬೇಕು? ಅಂದಮೇಲೆ ಕಬಡ್ಡಿಗೆ ಭಾರಿ ಬೆಲೆಯ 70–200 ಎಫ್/2.8 ಇಲ್ಲದೆಯೂ ನಡೆಯುತ್ತದೆ. 85 ಎಫ್/1.8 ಲೆನ್ಸು ಅದಕ್ಕಿಂತ ಎಷ್ಟೋ ಅಗ್ಗ, ಬಿಡುವ ಬೆಳಕು ಅದರ ಎರಡೂಕಾಲು ಪಟ್ಟಿಗೂ ಹೆಚ್ಚು. ಎಪಿಎಸ್-ಸಿ ಬಾಡಿಯೇ ಇರುವವರು 50 ಎಫ್/1.8 ಹಾಕಿದರೆ ಹೆಚ್ಚು ಕಡಿಮೆ ಅದೇ ನೋಟ ದೊರೆಯುತ್ತದೆ. ನಾಟಕದ ಮುಂದಿನ ಸಾಲಿಗೂ ಇದೇ ಲೆನ್ಸುಗಳು ಸಾಕು. ವಾಲಿಬಾಲಿಗೆ, ದೂರದ ವೇದಿಕೆಗೆ 70–200 ಬೇಕಾದ ದಿನ ಬಾಡಿಗೆಗೆ ತರಬಹುದು.

ಹಾಗಾದರೆ ಬಾಡಿ ಯಾವುದು? ಸೋನಿ ಎ7 ಮಾರ್ಕ್ 3 (2018), ನಿಕಾನ್ ಝಡ್6 ಮಾರ್ಕ್ 2 (2020), ಕ್ಯಾನನ್ ಆರ್6 (2020), ಈ ಮೂರರಲ್ಲಿ ಯಾವುದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೂ ಸರಿಯೇ. ಮೂರರಲ್ಲಿಯೂ ಎರಡು ಕಾರ್ಡುಗಳ ಜಾಗವಿದೆ, ಆ್ಯಂಟಿ ಫ್ಲಿಕರ್ ಇದೆ. ಮದುವೆಯ ಕೆಲಸ ಮಾಡುವವರು ಒಂದೇ ಕಾರ್ಡಿನ ಬಾಡಿಯನ್ನು ನಂಬಬೇಡಿ. ತಾಳಿ ಕಟ್ಟುವ ಕ್ಷಣ ಮತ್ತೆ ಬರುವುದಿಲ್ಲ. ಇನ್ನೂ ಕಡಿಮೆ ಹಣವಿದ್ದರೆ ನಿಕಾನ್ ಡಿ750 ಈಗಲೂ ದುಡಿಯುತ್ತದೆ, ಆದರೆ ಸ್ಥಿರಚಿತ್ರಕ್ಕೆ ಆ್ಯಂಟಿ ಫ್ಲಿಕರ್ ಇಲ್ಲವೆಂಬುದು ನೆನಪಿರಲಿ. ಮನೆಯಲ್ಲಿ ಈಗಾಗಲೇ ಯಾವ ಕಂಪನಿಯ ಲೆನ್ಸುಗಳಿವೆಯೋ ಅದೇ ಕಂಪನಿಯ ಬಾಡಿಯನ್ನು ಕೊಳ್ಳುವುದು ಜಾಣತನ. ಅಲ್ಲಿಯೂ ಒಂದು ಎಚ್ಚರಿಕೆ: ನಿಕಾನಿನ ಹಳೆಯ 50 ಎಫ್/1.8ಡಿ ಮಾದರಿಯ ಲೆನ್ಸು ಎಫ್‌ಟಿಝಡ್ ಅಡಾಪ್ಟರಿನ ಮೂಲಕ ಝಡ್ ಬಾಡಿಗೆ ಕೂಡುತ್ತದೆ, ಆದರೆ ತಾನಾಗಿ ಫೋಕಸ್ ಮಾಡದು.

ಹಳೆಯದನ್ನು ಕೊಳ್ಳುವಾಗ ಎತ್ತಿನ ಹಲ್ಲು ನೋಡುವಂತೆ ಶಟರಿನ ಎಣಿಕೆಯನ್ನು ನೋಡಿ. ಡಿ750ರ ಶಟರನ್ನು 1,50,000 ಬಾರಿಗೆ ಪರೀಕ್ಷಿಸಿದ್ದಾರೆ, ಆರ್6ರದನ್ನು 3,00,000 ಬಾರಿಗೆ. ಮಾರುವವನ ಮನೆಯಲ್ಲಿ ಕೋಣೆಯ ದೀಪ ಆರಿಸಿ, ಐಎಸ್‌ಒ 6400ರಲ್ಲಿ ಒಂದು ಚಿತ್ರ ತೆಗೆದು ನೋಡಿ. ಕಾರ್ಡಿನ ಬಾಗಿಲು, ಬ್ಯಾಟರಿಯ ಗೂಡು, ಲೆನ್ಸು ಕೂಡುವ ಉಂಗುರ ಪರೀಕ್ಷಿಸಿ. ಬಿಲ್ಲನ್ನು ಕೇಳಿ ಪಡೆಯಿರಿ. ಚಿತ್ರಗಳನ್ನು ರಾ ಕಡತವಾಗಿಯೂ ಉಳಿಸಿಕೊಳ್ಳಿ. 2023ರ ಏಪ್ರಿಲಿನಲ್ಲಿ ಲೈಟ್‌ರೂಮಿಗೆ ಸೇರಿದ ಡಿನಾಯ್ಸ್ ಸೌಲಭ್ಯ ಆ ರವೆಯನ್ನು ಬಹಳಮಟ್ಟಿಗೆ ಸೋಸಿ ತೆಗೆಯುತ್ತದೆ. ಹಳೆಯ ಬಾಡಿಯ ಆಯುಷ್ಯವನ್ನು ಅದೊಂದೇ ಕೆಲವು ವರ್ಷ ಹೆಚ್ಚಿಸಿದೆ.

'ಗಿರಾಕಿಗಳು ಹೊಸ ಕ್ಯಾಮೆರಾ ಇದೆಯೇ ಎಂದು ಕೇಳುತ್ತಾರೆ ಸಾರ್' ಎಂಬುದು ನನ್ನ ಶಿಷ್ಯನ ವಾದ. ಅದು ಸುಳ್ಳಲ್ಲ. ನಗರದಲ್ಲಿ ದಿನಕ್ಕೊಂದು ಕಾರ್ಯಕ್ರಮ ಇರುವವನಿಗೆ ಹೊಸ ಬಾಡಿ ಬೇಗ ದುಡಿದು ಕೊಡಬಹುದು, ಗ್ಯಾರಂಟಿಯ ನೆಮ್ಮದಿಯೂ ಇರುತ್ತದೆ. ಆದರೆ ನಮ್ಮಲ್ಲಿ ಲಗ್ನದ ತಿಂಗಳುಗಳು ಕೆಲವೇ. ಆಷಾಢದಲ್ಲಿ ಅಂಗಡಿಯ ಬಾಗಿಲು ತೆರೆದು ನೊಣ ಹೊಡೆಯುವ ಸ್ಥಿತಿ. ಸಾಲದ ಬಡ್ಡಿಗೆ ಆಷಾಢವಿಲ್ಲ. ತಾಯಿಯ ಒಡವೆಯನ್ನು ಗಿರವಿಗಿಟ್ಟು ತಂದ ಬಾಡಿ ಮೂರೇ ವರ್ಷಗಳಲ್ಲಿ 'ಹಳೆಯ ಮಾಡೆಲ್' ಆಗುತ್ತದೆ, ಬೆಲೆ ಕುಸಿಯುತ್ತದೆ. ಒಳ್ಳೆಯ ಲೆನ್ಸು ಹದಿನೈದು ವರ್ಷ ದುಡಿಯುತ್ತದೆ.

ಫ್ಲಾಷ್ ಹಾಕಿದರೆ ಮುಗಿಯಿತಲ್ಲ ಎನ್ನುವವರಿಗೆ ಒಂದು ಮಾತು. ದಾಳಿಗಾರನಿಗೆ ಇರುವುದು 30 ಸೆಕೆಂಡು. ಆ ಹೊತ್ತಿನಲ್ಲಿ ಅವನ ಕಣ್ಣಿಗೆ ಬೆಳಕು ಹೊಡೆಯುವುದು ಆಟಕ್ಕೂ ಅವನ ಮೈಗೂ ಅಪಾಯ. ನಾಟಕದಲ್ಲಿ ಊರಿನವರೇ ಕೈಯಿಂದ ಹಣ ಹಾಕಿ ಬಣ್ಣ ಹಚ್ಚುತ್ತಾರೆ. ದುರ್ಯೋಧನನ ಪಾತ್ರಕ್ಕೆ ದುಡ್ಡು ಕೂಡಿಟ್ಟ ರೈತನು ಕಂದ ಪದ್ಯವನ್ನು ಎತ್ತಿಕೊಂಡಾಗ ಮುಖಕ್ಕೆ ಫ್ಲಾಷ್ ಹೊಡೆದರೆ ಬಣ್ಣ ಸುಣ್ಣದಂತೆ ಕಾಣುತ್ತದೆ, ಹಿಂದಿನ ಪರದೆಯ ಮೇಲೆ ಕಪ್ಪು ನೆರಳು ಬೀಳುತ್ತದೆ. ರಂಗದ ದೀಪ ಕೊಟ್ಟ ಕೆಂಪು, ನೀಲಿಯೇ ಆ ರಾತ್ರಿಯ ಸತ್ಯ.

ಮೈಸೂರಿನವರಾದ ಟಿ.ಎಸ್. ಸತ್ಯನ್ (1923–2009) ಅವರಿಗೆ 1977ರಲ್ಲಿ ಪದ್ಮಶ್ರೀ ಬಂದಿತು. ಅವರು ಹೆಸರಾದದ್ದು ಸಾಮಾನ್ಯ ಜನರ ದಿನನಿತ್ಯದ ಚಿತ್ರಗಳಿಂದ. ಇಂದಿನ ಸಾಧಾರಣ ಬಾಡಿಯಲ್ಲಿರುವ ಅನುಕೂಲದ ಹತ್ತನೇ ಒಂದು ಭಾಗವೂ ಅವರ ಫಿಲ್ಮ್ ಕ್ಯಾಮೆರಾಗಳಲ್ಲಿ ಇರಲಿಲ್ಲ.

ನಮ್ಮ ಹಿರಿಯರು ಕಟ್ಟಿದ ಎಷ್ಟೋ ಪಾತ್ರಗಳಿಗೆ, ಗೆದ್ದ ಎಷ್ಟೋ ಆಟಗಳಿಗೆ ಒಂದು ಚಿತ್ರವೂ ಇಲ್ಲ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಆಗಿನ ಫಿಲ್ಮು ಅದನ್ನು ಹಿಡಿಯಲಾರದಾಗಿತ್ತು. ಈಗ ಹಿಡಿಯುವ ಸಾಧನ ನಮ್ಮ ಕೈಗೆ ಬಂದಿದೆ, ಅದೂ ಸಾಲ ಮಾಡದೆ. ಹಾಗೆ ತೆಗೆದ ಚಿತ್ರವನ್ನು ಫೋನಿನಲ್ಲಿ ಕಳುಹಿಸಿ ಮರೆಯಬೇಡಿ. ಒಂದು ಪ್ರತಿಯನ್ನು ಮುದ್ರಿಸಿ, ಬೆನ್ನ ಮೇಲೆ ಊರು, ದಿನಾಂಕ, ಆಟಗಾರರ ಹೆಸರುಗಳನ್ನು ಬರೆದು ಅವರ ಮನೆಗೆ ಕೊಡಿ. ಕಬಡ್ಡಿ ಆಡಿದ ಹುಡುಗಿಯ ಮನೆಯ ಗೋಡೆಯ ಮೇಲೆ ಆ ಚಿತ್ರ ತೂಗಿದರೆ, ಮುಂದಿನ ಪಂದ್ಯಕ್ಕೆ ಅವಳನ್ನು ಕಳುಹಿಸಲು ಮನೆಯವರು ಹಿಂದೆಮುಂದೆ ನೋಡುವುದು ಸ್ವಲ್ಪವಾದರೂ ಕಡಿಮೆಯಾದೀತು.

ನಿಮ್ಮಲ್ಲಿ ಈ ಕಸುಬಿನಲ್ಲಿ ನುರಿತವರಿದ್ದೀರಿ. ನನ್ನ ಮಾತಿಗೆ ಸೇರಿಸುವುದಿದ್ದರೆ, ತಿದ್ದುವುದಿದ್ದರೆ ದಯವಿಟ್ಟು ಬರೆದು ತಿಳಿಸಿ.