ಕಿಟಕಿಯ ಗಾಜು ಮತ್ತು ಧೂಳಿನ ಕಣ

ಬೇಸಗೆಯ ಬಿಸಿಲನ್ನು ಹೊರಗೇ ತಡೆಯಬೇಕೆಂದು ಅನೇಕ ಗೃಹಸ್ಥರು ಕಿಟಕಿಯ ಗಾಜಿಗೆ ಬಣ್ಣದ ಫಿಲ್ಮನ್ನು ಅಂಟಿಸುತ್ತಾರೆ. ಮರುದಿನ ಎಳೆಬಿಸಿಲು ಬಿದ್ದೊಡನೆ ನೋಡಿದರೆ, ಗಾಜಿನ ತುಂಬ ಸಣ್ಣ ಸಣ್ಣ ಗುಳ್ಳೆಗಳು! ಮನೆಯವರು ಅಂಗಡಿಯನ್ನು ದೂರುತ್ತಾರೆ. ಅಂಗಡಿಯವರು ಕೆಲಸಗಾರನನ್ನು ದೂರುತ್ತಾರೆ. ನಿಜವಾದ ಅಪರಾಧಿಯಾದ ಧೂಳಿನ ಕಣವು ಗಾಜಿಗೂ ಫಿಲ್ಮಿಗೂ ನಡುವೆ ನಿಶ್ಚಿಂತೆಯಿಂದ ಕುಳಿತಿರುತ್ತದೆ.

ಅಷ್ಟು ಕಿರಿದಾದ ಕಣ ಇಷ್ಟು ಹಿರಿದಾಗಿ ಕಾಣುವುದೇಕೆ? ಈ ಫಿಲ್ಮು ಪಾಲಿಯೆಸ್ಟರಿನ ತೆಳುಹಾಳೆ. ಮನೆಗಳಲ್ಲಿ ಬಳಸುವ ಫಿಲ್ಮಿನ ದಪ್ಪ ಬಹುಮಟ್ಟಿಗೆ ಮಿಲಿಮೀಟರಿನ 20ರಲ್ಲಿ ಒಂದು ಪಾಲು. ಅನೇಕರ ತಲೆಗೂದಲು ಇದಕ್ಕಿಂತ ದಪ್ಪ. ಇಂಥ ಹಾಳೆಯ ಅಡಿಯಲ್ಲಿ ಸಿಕ್ಕ ಕಣವು ಗುಡಾರದ ನಡುಗಂಬದಂತೆ ನಿಲ್ಲುತ್ತದೆ. ಅದರ ಸುತ್ತಲಿನ ಹಾಳೆ ಗಾಜನ್ನು ಬಿಟ್ಟು ಮೇಲೇಳುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಕಂಬವಲ್ಲ, ಗುಡಾರ.

ಆದುದರಿಂದ ಈ ಕೆಲಸದಲ್ಲಿ ಅಂಟಿಸುವುದು ಅಲ್ಪಭಾಗ, ತೊಳೆಯುವುದೇ ಬಹುಭಾಗ. ಧೂಳು ಬರುವ ದಾರಿಗಳು ನಾಲ್ಕು.

ಮೊದಲನೆಯದು ಗಾಜು. ಅದಕ್ಕೆ ಸಾಬೂನು ಬೆರೆಸಿದ ಶುದ್ಧ ನೀರನ್ನು ಚಿಮುಕಿಸಿ ಉಜ್ಜಿ, ರಬ್ಬರಿನ ಅಲಗಿನಿಂದ ಮೇಲಿನಿಂದ ಕೆಳಕ್ಕೆ ನೀರನ್ನು ಎಳೆಯಬೇಕು. ಕೊನೆಯಲ್ಲಿ ಬಟ್ಟೆಯಿಂದ ಒರೆಸಿದರೆ ಅದರ ನೂಲೆಳೆಯೇ ಗಾಜಿಗೆ ಹತ್ತುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬ ಗಾದೆಯ ಮಾತು ಇಲ್ಲಿ ಸಲ್ಲುತ್ತದೆ: ಒದ್ದೆ ಗಾಜಿನ ಮೇಲೆ ಬೆರಳಾಡಿಸಿದರೆ, ಕಣ್ಣಿಗೆ ಕಾಣದ ಕಣ ಬೆರಳಿಗೆ ತಾಗುತ್ತದೆ.

ಎರಡನೆಯದು ಚೌಕಟ್ಟಿನ ಸಂದಿ. ರಬ್ಬರು ಪಟ್ಟಿಯ ಮರೆಯಲ್ಲಿ ವರ್ಷಗಳ ಮಣ್ಣು ಅಡಗಿರುತ್ತದೆ. ಅದನ್ನು ಮೊದಲೇ ತೊಳೆಯದಿದ್ದರೆ ಫಿಲ್ಮಿನ ಅಂಚು ತಾಗಿದೊಡನೆ ಅದು ಅಂಟಿಗೆ ಹತ್ತಿಕೊಳ್ಳುತ್ತದೆ.

ಮೂರನೆಯದು ಕೋಣೆಯ ಗಾಳಿ. ಫ್ಯಾನನ್ನು ನಿಲ್ಲಿಸಬೇಕು, ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಬೇಕು, ಎಳೆ ಉದುರುವ ಉಣ್ಣೆಯ ಉಡುಪನ್ನು ತೊಡಬಾರದು. ಅದೇ ಹೊತ್ತಿನಲ್ಲಿ ಪಕ್ಕದ ಕೋಣೆಯ ಕಸ ಗುಡಿಸುವುದೂ ಸಲ್ಲದು.

ನಾಲ್ಕನೆಯದು ಸ್ವತಃ ಫಿಲ್ಮು. ಅಂಟನ್ನು ಮುಚ್ಚಿರುವ ರಕ್ಷಾಹಾಳೆಯನ್ನು ಸುಲಿಯುವಾಗ ಸ್ಥಿರವಿದ್ಯುತ್ತು ಹುಟ್ಟಿ, ಸುತ್ತಲಿನ ಧೂಳನ್ನು ಸೆಳೆಯುತ್ತದೆ. ಸುಲಿಯುತ್ತ ಸುಲಿಯುತ್ತಲೇ ಅಂಟಿನ ಮೇಲೆ ಸಾಬೂನು ನೀರನ್ನು ಚಿಮುಕಿಸುವುದೇ ಇದಕ್ಕೆ ಮದ್ದು.

ಹಾಗೆಂದು ಮೊದಲ ದಿನವೇ ಕೆಲಸಗಾರನ ಮೇಲೆ ಹರಿಹಾಯಬೇಡಿ. ಗುಳ್ಳೆಗಳೆಲ್ಲ ಧೂಳಿನವಲ್ಲ. ಒಳಗೆ ಉಳಿದ ನೀರಿನ ಗುಳ್ಳೆಗಳೂ ಮಸುಕೂ ಕೆಲವು ವಾರಗಳಲ್ಲಿ, ಕೆಲವೊಮ್ಮೆ ಒಂದು ತಿಂಗಳಲ್ಲಿ, ತಾವಾಗಿಯೇ ಆರಿಹೋಗುತ್ತವೆ. ಧೂಳು ಮಾತ್ರ ಆರುವುದಿಲ್ಲ. ಅದನ್ನು ತೆಗೆಯಬೇಕಾದರೆ ಫಿಲ್ಮನ್ನು ಕೀಳಬೇಕು; ಒಣಗಿದ ಮೇಲೆ ಕಿತ್ತ ಫಿಲ್ಮು ಮತ್ತೆ ಅಂಟಿಸಲು ಬಾರದು. ಹೊಸ ಹಾಳೆಯ ಬೆಲೆಯನ್ನು ಯಾರೋ ಒಬ್ಬರು ತೆರಬೇಕು; ಬಹುಶಃ ಅದನ್ನು ತೆರಲಾರದವನೇ ತೆರುತ್ತಾನೆ.

ಗಾಜು ತೊಳೆಯುತ್ತಿರುವವನ ಬೆನ್ನ ಹಿಂದೆ ನಿಂತು “ಇನ್ನೂ ಅಂಟಿಸಲೇ ಇಲ್ಲವೇನಪ್ಪ?” ಎಂದು ಅವಸರಪಡಿಸುವ ಯಜಮಾನರು ಇದನ್ನು ನೆನೆಯಬೇಕು. ಆ ಕಣಕ್ಕೆ ಒಳಗೆ ಬರಲು ಬಾಗಿಲು ತೆರೆಯುವವರು ಎಷ್ಟೋ ಸಲ ಅವರೇ.