ಡಬ್ಬದ ಮೇಲಿನ ನಂಬರು ನಂಬಿದವರಿಗೆ

ಕಳೆದ ಸಂಚಿಕೆಯಲ್ಲಿ ನಾನು ಹೇಳಿದ್ದು ಇಷ್ಟೇ: ಗೇಮಿಂಗ್ ಕಂಪ್ಯೂಟರ್ ಜೋಡಿಸುವಾಗ ಮೊದಲು ಮಾನಿಟರ್ ನೋಡಿ, ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡ್ ಆರಿಸಿ (ಸೆಕೆಂಡ್ ಹ್ಯಾಂಡ್ ಆದರೂ ಸರಿ), ಭಾಗಗಳಿಗೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ವಿಷಯದಲ್ಲಿ ಜಿಪುಣತನ ಬೇಡ. ಇದಕ್ಕೆ ಬಂದ ಪತ್ರಗಳಲ್ಲಿ ಅರ್ಧ ಬರೀ ಬೈಗುಳ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಉಳಿದರ್ಧಕ್ಕೆ ಇದೆ.

‘ಇದ್ದದ್ದರಲ್ಲಿ ದೊಡ್ಡ ಕಾರ್ಡ್ ಹಾಕಿಸಿಬಿಡಿ, ಮಾನಿಟರ್ ಆಮೇಲೆ ನೋಡಿದರಾಯಿತು’ ಎನ್ನುವವರೇ ಹೆಚ್ಚು. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇರುತ್ತವೆ, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ ಹತ್ತಿರಹತ್ತಿರ 83 ಲಕ್ಷ. ಪ್ರತಿ ಫ್ರೇಮಿಗೂ ಕಾರ್ಡ್ ಅಷ್ಟಕ್ಕೂ ಬಣ್ಣ ತುಂಬಬೇಕು. ಹಳೆಯ 60 ಹರ್ಟ್ಸ್‌ನ 1080ಪಿ ಮಾನಿಟರಿಗೆ 4ಕೆ ಎಳೆಯಬಲ್ಲ ಕಾರ್ಡ್ ಹಾಕುವುದೆಂದರೆ ಮೂರಿಂಚು ನೀರಿನ ಬೋರ್‌ವೆಲ್‌ಗೆ ಅರ್ಧ ಇಂಚಿನ ನಲ್ಲಿ ಕೂರಿಸಿದ ಹಾಗೆ. ಕಾರ್ಡ್ ಸೆಕೆಂಡಿಗೆ 180 ಫ್ರೇಮ್ ತಯಾರಿಸಿದರೂ ಪರದೆ ಹೊಸದಾಗುವುದು 60 ಸಲ ಮಾತ್ರ. ವ್ಯಾಲರೆಂಟ್‌ನಂಥ ಆಟದಲ್ಲಿ ಮೌಸ್ ಒತ್ತಿದ್ದು ಪರದೆಗೆ ಬರುವ ಹೊತ್ತು ತುಸು ಕಡಿಮೆಯಾಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಆಟ ಆಡುವವನಿಗೂ ಮೊದಲು ಬೇಕಾದದ್ದು 144 ಹರ್ಟ್ಸ್ ಮಾನಿಟರೇ.

ಎರಡನೆಯ ವಾದ ಇನ್ನೂ ಸರಳ: ‘ನಂಬರ್ ದೊಡ್ಡದಿದ್ದರೆ ಕಾರ್ಡ್ ಒಳ್ಳೆಯದು.’ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು! ಎನ್ವಿಡಿಯಾದ ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡುಗಳಿದ್ದವು. ಒಂದರ ಮೆಮೊರಿ ಜಿಡಿಡಿಆರ್5, ಸೆಕೆಂಡಿಗೆ 48 ಜಿಬಿ ಸಾಗಿಸುವಂಥದ್ದು. ಇನ್ನೊಂದರಲ್ಲಿ ಡಿಡಿಆರ್4, ಸಾಗುವುದು ಬರೀ 16.8 ಜಿಬಿ. ಹೆಸರು ಮಾತ್ರ ಅದೇ. 2021ರ ಆರ್‌ಟಿಎಕ್ಸ್ 3060ಯಲ್ಲಿ 12 ಜಿಬಿ ಮೆಮೊರಿ ಇತ್ತು, 2023ರ 4060ಯಲ್ಲಿ 8 ಜಿಬಿ. ಹೊಸದು ವೇಗದ್ದೇ, ವಿದ್ಯುತ್ ಬಳಕೆಯೂ 170 ವಾಟ್‌ನಿಂದ 115ಕ್ಕೆ ಇಳಿಯಿತು, ಆದರೆ ಮೆಮೊರಿಯ ಲೆಕ್ಕದಲ್ಲಿ ಹಿಂದಕ್ಕೇ ಹೋಯಿತು. 2025ರ 5060 ಟಿಐ ಕೂಡ ಒಂದೇ ಹೆಸರಿನಲ್ಲಿ 8 ಮತ್ತು 16 ಜಿಬಿಯ ಎರಡು ರೂಪಗಳಲ್ಲಿ ಬಂತು. ಎಎಂಡಿಯವರೂ ಕಮ್ಮಿಯಿಲ್ಲ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಮದರ್‌ಬೋರ್ಡ್ ಜೊತೆ ಮಾತಾಡುವುದು ನಾಲ್ಕೇ ಪಿಸಿಐಇ ಲೇನ್‌ಗಳಲ್ಲಿ. ನಾಲ್ಕನೇ ತಲೆಮಾರಿನ ಪಿಸಿಐಇ ಇರುವ ಹೊಸ ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ, ಮೂರನೇ ತಲೆಮಾರಿನದರಲ್ಲಿ ಮುಗ್ಗರಿಸುತ್ತದೆ. ಅಗ್ಗದ ಕಾರ್ಡ್ ಹುಡುಕಿಕೊಂಡು ಬರುವವರ ಮನೆಯಲ್ಲಿ ಇರುವುದೇ ಹಳೆಯ ಬೋರ್ಡ್ ಎಂಬುದು ಕಂಪನಿಗೆ ಹೊಳೆಯಲಿಲ್ಲವೋ ಏನೋ.

‘8 ಜಿಬಿ ಧಾರಾಳ ಸಾಕು’ ಎಂದವರ ಮಾತು ಅರ್ಧ ಸರಿ. 1080ಪಿಯಲ್ಲಿ ಕೌಂಟರ್ ಸ್ಟ್ರೈಕ್ ಆಡುವವರಿಗೆ ಸಾಕು. ಹೊಸ ದೊಡ್ಡ ಆಟಗಳಲ್ಲಿ ಟೆಕ್ಸ್ಚರ್ ಮೇಲಕ್ಕೇರಿಸಿದಾಗ ಕಾರ್ಡಿನ ಮೆಮೊರಿ ತುಂಬಿ ಹೋಗುತ್ತದೆ, ಮಿಕ್ಕದ್ದು ಕಂಪ್ಯೂಟರಿನ ರ್‍ಯಾಮ್‌ಗೆ ಹೋಗಿ ಬಂದು ಮಾಡಬೇಕಾಗುತ್ತದೆ. ಆಗ ಆಟ ಗಕ್ಕನೆ ನಿಂತು ಮತ್ತೆ ಓಡುತ್ತದೆ. ಸರಾಸರಿ ಫ್ರೇಮ್ ಲೆಕ್ಕದಲ್ಲಿ ಈ ಮುಗ್ಗರಿಕೆ ಸರಿಯಾಗಿ ಕಾಣುವುದಿಲ್ಲ. ನನಗೆ ಬರೆದವರು ತೋರಿಸಿದ್ದು ಸರಾಸರಿಯನ್ನೇ.

ಹೆಚ್ಚು ಕೋಪ ಬಂದದ್ದು ಎಸ್‌ಎಂಪಿಎಸ್ ಬಗ್ಗೆ. ‘ಕ್ಯಾಬಿನೆಟ್ ಜೊತೆಗೇ ಬರುತ್ತದೆ, ಮೇಲೆ 450 ವಾಟ್ ಎಂದು ಬರೆದಿದೆ, ಇನ್ನೇನು ಬೇಕು?’ ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋದಾಗ ಅಂಥದ್ದೊಂದನ್ನು ಕೈಗೆತ್ತಿಕೊಳ್ಳಿ. ಮೊದಲು ತೂಕ ನೋಡಿ, ಆಮೇಲೆ ಪಕ್ಕಕ್ಕೆ ತಿರುಗಿಸಿ ಸ್ಟಿಕ್ಕರ್ ಓದಿ. ದಪ್ಪ ಅಕ್ಷರದ 450 ಬಿಡಿ. ಕೆಳಗೆ ಸಣ್ಣ ಕೋಷ್ಟಕ ಇರುತ್ತದೆ, ಅದರಲ್ಲಿ 12 ವೋಲ್ಟ್ ಎಂದಿರುವ ಕಡೆ ಎಷ್ಟು ಆಂಪಿಯರ್ ಬರೆದಿದ್ದಾರೆ? 16 ಎಂದಿದ್ದರೆ ಹನ್ನೆರಡರಿಂದ ಗುಣಿಸಿ: 192 ವಾಟ್. ಗ್ರಾಫಿಕ್ಸ್ ಕಾರ್ಡೂ ಪ್ರೊಸೆಸರೂ ಬಹುಪಾಲು ಎಳೆಯುವುದು ಆ 12 ವೋಲ್ಟಿನಿಂದಲೇ. ಮೇಲೆ ಹೇಳಿದ 3060 ಒಂದಕ್ಕೇ 170 ವಾಟ್ ಬೇಕು. ಉಳಿದ 22 ವಾಟಿನಲ್ಲಿ ಪ್ರೊಸೆಸರ್ ಬದುಕಬೇಕೇ? ಕಾರ್ಡ್ ಕ್ಷಣಮಾತ್ರಕ್ಕೆ ತನ್ನ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು ಎಳೆಯುವುದೂ ಉಂಟು. ಆಟದ ನಡುವೆ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆದರೆ ಎಲ್ಲರೂ ವಿಂಡೋಸ್‌ಗೆ ಬೈಯುತ್ತಾರೆ, ಪಾಪ.

ಒಬ್ಬರು ಜಾಣ ಪ್ರಶ್ನೆ ಹಾಕಿದ್ದಾರೆ: ‘80 ಪ್ಲಸ್ ಗೋಲ್ಡ್ ಮುದ್ರೆ ಇದ್ದರೆ ಕಣ್ಣುಮುಚ್ಚಿ ತಗೋಬಹುದಲ್ಲ?’ ಬೇಡ. ಗೋಡೆಯ ಪ್ಲಗ್ಗಿನಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಒಳಗಿನ ಭಾಗಗಳಿಗೆ ಸಿಗುತ್ತದೆ ಎಂಬುದನ್ನಷ್ಟೇ ಆ ಮುದ್ರೆ ಹೇಳುತ್ತದೆ. ಗಿಗಾಬೈಟ್ ಕಂಪನಿಯ ಜಿಪಿ-ಪಿ750ಜಿಎಂ ಮತ್ತು ಜಿಪಿ-ಪಿ850ಜಿಎಂ ಎರಡಕ್ಕೂ ಗೋಲ್ಡ್ ಇತ್ತು. ಹೆಚ್ಚು ಹೊರೆಯಲ್ಲಿ ಸಿಡಿಯುತ್ತಿವೆ ಎಂಬ ವರದಿಗಳ ನಂತರ, 2021ರ ಆಗಸ್ಟ್‌ನಲ್ಲಿ ಕೆಲವು ಸೀರಿಯಲ್ ನಂಬರಿನವನ್ನು ಬದಲಾಯಿಸಿಕೊಡುವುದಾಗಿ ಕಂಪನಿಯೇ ಪ್ರಕಟಿಸಬೇಕಾಯಿತು. ಅಂದಹಾಗೆ, ಕರೆಂಟ್ ಹೋಗುವ ಊರಿನಲ್ಲಿ ಯುಪಿಎಸ್ ಲೆಕ್ಕವೂ ಇದೆ. 600 ವಿಎ ಎಂದು ಮಾರುವ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವಾಟ್ ಮಾತ್ರ.

‘ಎಎಂಡಿ ಡ್ರೈವರ್ ಸರಿಯಿಲ್ಲ’ ಎಂಬುದು 2019ರ ಆರ್‌ಎಕ್ಸ್ 5700 ಎಕ್ಸ್‌ಟಿ ಕಾಲದ ದೂರು. ಆಗ ಅದು ನಿಜವೇ ಆಗಿತ್ತು. ಈಗ ಕಂಪನಿ ಆರಿಸಬೇಕಾದದ್ದು ಕೆಲಸ ನೋಡಿ. ಮಗಳು ಬ್ಲೆಂಡರ್ ಕಲಿಯುತ್ತಿದ್ದರೆ, ಎನ್ವಿಡಿಯಾದ್ದೇ ಆದ ಕೂಡಾ (CUDA) ಬೇಡುವ ಸಾಫ್ಟ್‌ವೇರ್ ಬಳಸುತ್ತಿದ್ದರೆ ಎನ್ವಿಡಿಯಾ ತೆಗೆದುಕೊಳ್ಳಿ. ಬರೀ ಆಟಕ್ಕಾದರೆ ಅದೇ ದುಡ್ಡಿಗೆ ಯಾವುದು ಹೆಚ್ಚು ಮೆಮೊರಿ, ಹೆಚ್ಚು ಫ್ರೇಮ್ ಕೊಡುತ್ತದೋ ಅದು.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳಬಹುದು ಎಂದದ್ದಕ್ಕೆ ‘ಮೈನಿಂಗ್ ಕಸವನ್ನು ಜನರ ತಲೆಗೆ ಕಟ್ಟುತ್ತೀರಾ’ ಎಂದು ಕೇಳಿದ್ದಾರೆ. ಕ್ರಿಪ್ಟೊ ಕರೆನ್ಸಿ ಎಥಿರಿಯಂ 2022ರ ಸೆಪ್ಟೆಂಬರ್ 15ರಂದು ಮೈನಿಂಗ್ ಬಿಟ್ಟಿತು, ಅದಕ್ಕೆ ದುಡಿಯುತ್ತಿದ್ದ ಕಾರ್ಡುಗಳು ಮಾರುಕಟ್ಟೆಗೆ ಸುರಿದವು. ಅವುಗಳಲ್ಲಿ ಮೊದಲು ಸವೆಯುವುದು ಚಿಪ್ಪಲ್ಲ, ಫ್ಯಾನು ಮತ್ತು ಥರ್ಮಲ್ ಪ್ಯಾಡು. ಅರ್ಧ ಗಂಟೆ ಭಾರದ ಆಟ ಓಡಿಸಿ, ಫ್ಯಾನಿನ ಸದ್ದು ಕೇಳಿ, ಬಿಸಿ ನೋಡಿ. ಮಾರುವವನು ಓಡಿಸಲು ಬಿಡದಿದ್ದರೆ ಎದ್ದು ಬನ್ನಿ.

ಕೊನೆಯದು, ‘ಬಿಲ್ ಇಲ್ಲದೆ ಕೊಂಡರೆ ಜಿಎಸ್‌ಟಿ ಉಳಿಯುತ್ತದೆ’ ಎಂಬ ಸಲಹೆ. ಉಳಿಯುತ್ತದೆ: 40 ಸಾವಿರದ ಕಾರ್ಡಿನ ಮೇಲೆ ಶೇ 18ರ ಲೆಕ್ಕದಲ್ಲಿ 7,200 ರೂಪಾಯಿ. ಮೂರು ವರ್ಷದ ವಾರಂಟಿ ಎಂದು ಡಬ್ಬದ ಮೇಲೆ ಬರೆದದ್ದನ್ನು ನಂಬಿ ಎರಡನೇ ವರ್ಷ ಸರ್ವಿಸ್ ಸೆಂಟರ್ ಕೌಂಟರಿಗೆ ಹೋದಾಗ ಅಲ್ಲಿಯವರು ಸಾಮಾನ್ಯವಾಗಿ ಮೊದಲು ಕೇಳುವುದು ಆ ಬಿಲ್ಲನ್ನೇ. ಮಾರಿದ ಅಂಗಡಿಯವನಿಗೆ ಅಷ್ಟರಲ್ಲಿ ನಿಮ್ಮ ಮುಖ ನೆನಪಿರುವುದಿಲ್ಲ.